ಕೋಳಿಯ ನೆಳ್ಳು

ಮಂಗಳವಾರ, ಶುಕ್ರವಾರ ಮೂರು ಗಂಟೆಗೆ
ಅಂಗಡಿಯ ಶಟರು ಅರ್ಧ ಇಳಿಸುತ್ತೇನೆ.
ಪೂರಾ ಇಳಿಸುವ ಸದ್ದು ಸುಮುಖನಿಗೆ ಆಗುವುದಿಲ್ಲ.
ರವಿಕೆ ಕೇಳಿ ಬಂದವರು ಬಗ್ಗಿ ನೋಡಿ ಹೋಗುತ್ತಾರೆ.

ಗುತ್ತಲು ರಸ್ತೆಯ ಶಾಲೆ. ಬಿಸಿಯೂಟದ ಕೋಣೆಯ ಪಕ್ಕ ಇನ್ನೊಂದು ಕೋಣೆ.
ಚಾಪೆ ಇದೆ. ಫ್ಯಾನೂ ಇದೆ, ಹಾಕುವುದಿಲ್ಲ,
ತಿರುಗಿದರೆ ಗಂಟೆಗಟ್ಟಲೆ ಅದನ್ನೇ ನೋಡುತ್ತಾನೆ.
ನುಸ್ರತ್ ಮೇಡಂ ಸೆರಗಲ್ಲಿ ಕತ್ತು ಒರೆಸಿಕೊಂಡು
ಕಾರ್ಡಿನ ಮೇಲೆ ಟ್ಯಾಬು ಹಿಡಿಯುತ್ತಾರೆ:
ಕಾಗದದಿಂದ ಎದ್ದು ನಿಲ್ಲುತ್ತದೆ ಕೋಳಿ.

ಅದೇ ಚಾಪೆ, ಅದೇ ಹರಿದ ಅಂಚು,
ಅದರ ಮೇಲೆ ಕೆಂಪು ಜುಟ್ಟು, ಕೆದರುವ ಕಾಲು.
ಪರದೆಯಿಂದ ಕಣ್ಣು ತೆಗೆದರೆ ಬರೀ ಚಾಪೆ.

ಇದೇನು ಹೊಸದಾ ಅಂದುಕೊಂಡೆ.
ಮೀಟರು ಬಟ್ಟೆ ಹಾಸಿದ ಕೂಡಲೇ
ಕಂಕುಳು, ಕತ್ತು, ಬೆನ್ನಿನ ಹುಕ್ಕು,
ಇನ್ನೂ ಇಲ್ಲದ ರವಿಕೆ ಅಲ್ಲೇ ಕಾಣುತ್ತದೆ ನನಗೆ.
ಸೀಮೆಸುಣ್ಣ ಸುಮ್ಮನೆ ಅದರ ಅಂಚು ಹಿಡಿದು ಹೋಗುತ್ತದೆ.
ಇಲ್ಲದ್ದನ್ನು ಇರುವುದರ ಮೇಲಿಟ್ಟು ನೋಡುವುದು
ಹದಿನಾಲ್ಕು ವರ್ಷದಿಂದ ನನ್ನ ಕೂಲಿ.

ಮಗನನ್ನೂ ಹಾಗೇ ನೋಡಿಬಿಟ್ಟೆ.
ಯಾರ್‍ಯಾರದೋ ಅಳತೆಯ ಪೇಪರು ಇಟ್ಟೆ ಅವನ ಮೇಲೆ,
ಪಕ್ಕದ ಮನೆ ಲಿಖಿತನದು, ಅಕ್ಕನ ಮಗಳದು,
ಟಿವಿಯಲ್ಲಿ ಹಾಲು ಕುಡಿದು ಮೀಸೆ ಬರಿಸಿಕೊಳ್ಳುವ ಹುಡುಗನದು.
ಸಾಲದ ಕಡೆ ಎಳೆದೆ.
ಒಂದು ಸಲ ಕೈ ಎತ್ತಿದ್ದೂ ಇದೆ. ಅದನ್ನಿಲ್ಲಿ ಬಿಚ್ಚುವುದಿಲ್ಲ.

"ಕೋಳಿ ಎಲ್ಲಿ? ತೋರ್‍ಸು."
ತೋರಿಸುವುದೇ ಒಂದು ದೊಡ್ಡ ಪಾಠವಂತೆ,
ನಾ ಕಂಡದ್ದನ್ನು ನೀನೂ ನೋಡು ಅನ್ನುವುದು.
ಬೇರೆ ಮಕ್ಕಳು ಹಾಲುಹಲ್ಲಿನ ಜತೆ ಕಲಿತು ಬರುತ್ತಾರೆ.
ಆರು ವಾರ. ಕೋಳಿ ಕಾಳು ತಿಂದಿತು, ರೆಕ್ಕೆ ಬಡಿಯಿತು,
ಕೊಕ್ ಕೊಕ್ ಎಂದಿತು. ಸುಮುಖ ಕಿವಿ ಮುಚ್ಚಿದ, ಮೇಡಂ ಸದ್ದು ತೆಗೆದರು.
ಸದ್ದಿಲ್ಲದ ಕೋಳಿ, ಮಾತಾಡದ ಹುಡುಗ,
ಬೆವರುವ ಇಬ್ಬರು ಹೆಂಗಸರು.
ಅವನ ಕಣ್ಣು ಕೋಳಿಯ ಮೇಲಲ್ಲ, ಕಾಲ ಬುಡದಲ್ಲಿ.
"ಗಮನ ಇಲ್ಲ ಮೇಡಂ ಇವ್ನಿಗೆ," ನಾನೇ ಹೇಳಿದೆ,
ಅಳತೆ ಪುಸ್ತಕಕ್ಕೆ ಬರೆದ ಹಾಗೆ.

ಏಳನೆಯ ಶುಕ್ರವಾರ
ಹೊರಗೆ ಕಬ್ಬಿನ ಲಾರಿ ಕೆಟ್ಟು ನಿಂತು ಯಾರೋ ಬೈಯುತ್ತಿದ್ದರು.
ಕಿಟಕಿಯ ಬಿಸಿಲು ಚಾಪೆಗೆ ಬಂದಿತ್ತು.
ಸರಳುಗಳ ನೆರಳು, ಮೇಡಂ ಕೈಯದು, ನನ್ನ ತಲೆಯದು,
ನೀರಿನ ಬಾಟಲಿಯದು ಉದ್ದಕ್ಕೆ.
ಸುಮುಖ ಬಾಟಲಿಯನ್ನು ಕಾರ್ಡಿನ ಪಕ್ಕ ತಂದಿಟ್ಟ.
ಪರದೆ ನೋಡಿದ.
ಬಾಟಲಿಯ ನೆರಳನ್ನು ಸವರಿದ,
ಆಮೇಲೆ ಕೋಳಿಯ ಕಾಲ ಬಳಿ ಬರಿ ಚಾಪೆಯನ್ನು.
ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳು ತನ್ನದೇ ಎಂಬಂತೆ ಎತ್ತಿ
ಅಲ್ಲಿಗೆ ಒತ್ತಿದ.
"ನೆಳ್ಳಿಲ್ಲ."

ನೆಳ್ಳು ಅನ್ನುತ್ತಿದ್ದದ್ದು ನಮ್ಮತ್ತೆ. ತೀರಿಕೊಂಡು ಎರಡು ವರ್ಷ.
ಎಲ್ಲಿ ಮಡಚಿಟ್ಟುಕೊಂಡಿದ್ದನೋ.

ಮೇಡಂ ಅದನ್ನು ಮಾಡಿದವರಿಗೆ ಬರೆದರು,
ಮೈಸೂರಿನ ಯಾವುದೋ ಇಂಜಿನಿಯರಿಂಗ್ ಕಾಲೇಜಿನ ಹುಡುಗರು.
ಪಾಪ, ಎರಡೇ ವಾರಕ್ಕೆ ನೆರಳು ಕಳಿಸಿದರು,
ಗುಂಡಗೆ, ಕಾಲಡಿಗೆ, ಯಾವಾಗಲೂ ನಡುಮಧ್ಯಾಹ್ನದ್ದು.
ಸುಮುಖ ಗಡಿಯಾರ ನೋಡಿದ. ಮೂರೂವರೆ.
ಕಾರ್ಡು ಬೋರಲು ಹಾಕಿದ.

ಆ ರಾತ್ರಿ ಮಿಕ್ಕಿದ್ದ ಕಪ್ಪು ಲೈನಿಂಗಿನ ತುಂಡಲ್ಲಿ
ಒಂದು ಕೋಳಿ ನೆಳ್ಳು ಕತ್ತರಿಸಿದೆ,
ಜುಟ್ಟು ಸಮೇತ, ಸುಣ್ಣದ ಗೆರೆ ಹಾಕದೆ.
ಮುಂದಿನ ಸಲ ಚಾಪೆಯ ಮೇಲಿಟ್ಟೆ,
ಮೇಡಂ ಆ ಗುಂಡು ನೆರಳು ಆರಿಸಿದರು.
ಅವನು ಬಟ್ಟೆಯನ್ನು ಬಾಟಲಿಯ ನೆರಳಿನ ದಿಕ್ಕಿಗೆ ತಿರುಗಿಸಿದ,
ಕಾಲಿಗೆ ಕಾಲು ಸೇರಿಸಿದ.
ಬಿಸಿಲು ಸರಿದಂತೆ ಈಗ ಚೂರು ಚೂರೇ ಸರಿಸುತ್ತಿದ್ದಾನೆ.

"ತೋರಿಸುತ್ತದೆಯೇ?" ಅಂತಿದೆ ಮೇಡಂ ಹಾಳೆಯಲ್ಲಿ.
ಎದುರಿಗೆ ಏನು ಬರೆಯುವುದೆಂದು ಪೆನ್ನು ಕಚ್ಚುತ್ತಿದ್ದಾರೆ.
ನಾಲ್ಕು ದಾಟಿತು.
ಅಂಗಡಿ ಹತ್ತಿರ ಯಾರೋ ಬಗ್ಗಿ ನೋಡುತ್ತಿರಬೇಕು.