ಎರಡಂಗುಲ

ಓಚಿವರೊಂಗೊ ಪೇಟೆಯ ಅಂಗಡಿಯಲ್ಲಿ ಫಾನಿ
ಗಾಜಿನ ಮೇಜಿನ ಮೇಲೆ ಪುಸ್ತಕ ಹರವಿದ,
ಮದುವೆ ಜವಳಿ ತೋರಿಸುವವನ ಹಾಗೆ.
"ವೆಮುನಾ, ನಿನ್ನ ಗಾಡಿ ಇನ್ನೂ ಬತ್ತಲೆ."

ನಿಜ. ಹನ್ನೊಂದು ವರ್ಷದ ಪಿಕಪ್ಪು,
ಬಣ್ಣ ಒಂದು ಕಾಲಕ್ಕೆ ಬಿಳಿ.
ಬೆಳಗಾದರೆ ಶಾಲೆಗೆ ಆರು ಮಕ್ಕಳು, ನನ್ನವು ಎರಡೇ.
ಆಮೇಲೆ ಲಸಿಕೆಯ ಪೆಟ್ಟಿಗೆ, ಮಂಜುಗಡ್ಡೆ,
ಕಾಲುಬಾಯಿ ರೋಗದ ಕಾಗದಪತ್ರ.
ಸಂಜೆ ಯಾರದೋ ಮೇಕೆ, ಯಾರದೋ ಸಿಮೆಂಟು.
ಭಾನುವಾರ ಅಮ್ಮ,
ಅಮ್ಮನ ಏಳು ಸುತ್ತಿನ ಲಂಗ,
ಹಸುವಿನ ಕೊಂಬಿನಂತೆ ಎಡಬಲ ಚಾಚಿದ
ನಮ್ಮ ಹೆರೆರೊ ಹೆಂಗಸರ ತಲೆಯುಡುಪು.

ಮೊದಲ ಪುಟ, ಉಸಿರುಗೊಳವೆ.
ಕಿಟಕಿಯ ಪಕ್ಕ ಆನೆ ಸೊಂಡಿಲೆತ್ತಿದ ಹಾಗೆ.
"ಎದೆಮಟ್ಟ ನೀರಲ್ಲೂ ಎಂಜಿನ್ನು ಉಸಿರಾಡುತ್ತೆ."
ಎದೆಮಟ್ಟ ನೀರು!
ನಮ್ಮ ಹೊಳೆ ವರ್ಷಕ್ಕೆರಡು ದಿನ ಹೊಳೆ;
ಉಳಿದ ದಿನ ಅದರ ಹೆಸರು ಹೊದ್ದು
ಮರಳು ಮಲಗಿರುತ್ತದೆ.
ಆ ಎರಡು ದಿನ ನಾವು ದಡದಲ್ಲಿ ಕುರ್ಚಿ ಹಾಕಿ
ನೀರು ನೋಡುತ್ತೇವೆ ಫಾನಿ,
ದಾಟುವ ಅವಸರ ಯಾರಿಗಿದೆ?

ವಿಂಚು, ನಲವತ್ತು ಕಿಲೊ.
ನನ್ನ ಲೆಕ್ಕವೆಲ್ಲ ಮೇಕೆಯಲ್ಲಿ:
ನಲವತ್ತು ಕಿಲೊ ಅಂದರೆ ಮೈತುಂಬಿದ ಒಂದು ಮೇಕೆಯನ್ನು
ಮೂತಿಗೆ ಕಟ್ಟಿಕೊಂಡು ದಿನಾ ತಿರುಗುವುದು,
ಹಾಲಿಲ್ಲ, ಮರಿಯಿಲ್ಲ.
ಮೇಲಾಗಿ ಹಗ್ಗ ಬಿಗಿಯಲು ಮರವೊಂದು ಬೇಕು;
ಮರವಿರುವ ಕಡೆಯೇ ನೋಡಿ ಹೂತುಕೊಳ್ಳುವಷ್ಟು
ಜಾಣತನ ನನ್ನ ಚಕ್ರಕ್ಕಿಲ್ಲ.

ನೆತ್ತಿಯ ಮೇಲಿನ ಡೇರೆ.
ಅದು ವಿಮಾನ ಇಳಿದು ಬಂದು
ನಕ್ಷತ್ರಕ್ಕೆ ದುಡ್ಡು ಕೊಡುವವರಿಗೆ.
ನಾನು ನಕ್ಷತ್ರದ ಕೆಳಗೆ ಮಲಗಿದ್ದು ಎರಡು ಸಲ,
ಎರಡು ಸಲವೂ ಪಂಕ್ಚರು.

ಮುಂದಿನ ಪುಟ
ಫಾನಿ ತಾನೇ ಬೇಗ ಮಗುಚಿದ.
ಮೂತಿಗೆ ಅಡ್ಡಗಟ್ಟುವ ಉಕ್ಕಿನ ಕಂಬಿ.
ಹೋದ ಜೂನ್‌ನಲ್ಲಿ, ಬೆಳಕು ಬೂದಿಯಾಗುವ ಹೊತ್ತು,
ಬೇಲಿ ಹಾರಿದ ಕುಡು, ಉದ್ದ ಕಾಲಿನ ಗಂಡು ಜಿಂಕೆ,
ಕಂಬಿಯನ್ನು ಮುಟ್ಟಲೂ ಇಲ್ಲ,
ಗಾಜು ಸೀಳಿ ಒಳಗೇ ಬಂತು.
ನನ್ನ ಜೊತೆ ಕೆಲಸಕ್ಕಿದ್ದ ಜಾಫೆಟ್.
ಅವನ ಗಾಡಿ ಇನ್ನೂ ಪೊಲೀಸ್ ಠಾಣೆಯ ಹಿಂದೆ ನಿಂತಿದೆ.
ಕಂಬಿ ನೆಟ್ಟಗಿದೆ.
ಹೊತ್ತು ಮುಳುಗಿದ ಮೇಲೆ ಅರವತ್ತೇ ಸಾಕೆನ್ನುವ ಕಾಲನ್ನು
ಯಾವ ಪುಟದಲ್ಲೂ ಮಾರುವುದಿಲ್ಲ.

ಆದರೆ, ಸುಳ್ಳೇಕೆ,
ಗಾಡಿಯನ್ನು ಎರಡಂಗುಲ ಎತ್ತಿಸುವ ಸ್ಪ್ರಿಂಗು ಕಂಡಾಗ
ಬಾಯಲ್ಲಿ ನೀರು ಬಂತು.
ಎತ್ತಿಸಿದ್ದೊಂದು ಅಂಗಳದಲ್ಲಿ ನಿಂತಿತ್ತು,
ಎದೆ ಸೆಟೆಸಿ, ಹಗಲು ಹೊತ್ತಿನ ಹುಂಜ.
ನೆರಳಲ್ಲಿ ಕೂತಿದ್ದ ಅಮ್ಮನನ್ನು ಕರೆದೆ.
ಅವಳು ಲಂಗದ ಏಳೂ ಸುತ್ತನ್ನು ಒಂದು ಕೈಯಲ್ಲಿ ಹಿಡಿದು
ಕಾಲೆತ್ತಿದಳು, ಇಳಿಸಿದಳು,
ಇನ್ನೊಂದು ಕಾಲೆತ್ತಿದಳು, ಇಳಿಸಿದಳು.
ಧೂಳು ಕೊಡವಿಕೊಂಡು ಹೇಳಿದಳು:
"ಉದ್ದ ಕಾಲಿನ ಹಸುವಿನ ಕರುವಿಗೆ
ಕೆಚ್ಚಲು ದೂರ."
ಫಾನಿ ಪುಸ್ತಕ ಮುಚ್ಚಿದ.

ಕೊಂಡದ್ದು:
ಗಾಳಿ ತುಂಬುವ ಪುಟ್ಟ ಯಂತ್ರ,
ಮರಳಿಗೆ ಇಳಿಸಿದ್ದನ್ನು ಡಾಂಬರಿಗೆ ಹಿಂದಿರುಗಿಸಲು.
ಇನ್ನೊಂದು ಹೆಚ್ಚಿನ ಚಕ್ರ, ಒಂದು ಸಲಿಕೆ.
ಮಗ ಆರಿಸಿದ ಕೆಂಪು ಕೊಂಡಿ, ಯಾವುದಕ್ಕೂ ಬೇಡದ್ದು,
ಹೊಳೆಯುತ್ತದೆ ಅಷ್ಟೇ.
ಬಾಗಿಲ ಕೆಳಗೆ ಅಡ್ಡ ಮೆಟ್ಟಿಲು,
ಅಲ್ಲೇ ನಿಂತು ಕೂರಿಸಿಕೊಂಡೆ.

ಅಮ್ಮ ಹೊಸ ಮೆಟ್ಟಿಲ ಮೇಲೆ ಬೂಟಿಟ್ಟು
ಎರಡು ಸಲ ಒತ್ತಿ ನೋಡಿ, ಹತ್ತಿದಳು.
ಎಂದಿನಂತೆ ತಲೆ ಓರೆ ಮಾಡಿ
ಒಂದು ಕೊಂಬು ಮೊದಲು, ಇನ್ನೊಂದು ಆಮೇಲೆ
ಬಾಗಿಲೊಳಗೆ ತೂರಿಸಿದಳು.
ಮೂವತ್ತು ಕಿಲೊಮೀಟರು ಮಾತಿಲ್ಲ.
ಜಲ್ಲಿ ರಸ್ತೆಗೆ ತಿರುಗಿದಾಗ
ಮೇಲೆ ನೋಡದೆ, ಬೆರಳಿಂದ ಮಾಡು ತಟ್ಟಿ ಅಂದಳು:
"ಎತ್ತಿಸುವುದಾದರೆ ಇದನ್ನು ಎತ್ತಿಸಬೇಕಿತ್ತು.
ಎರಡಂಗುಲ."