ಹದಿನಾರರಲ್ಲಿ ಒಂದು

ಅಕ್ರನ್ ಊರಿನ ನೆಲಮಾಳಿಗೆ.
ಟೈರು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಡಾರ್ಲಾ ಬೂಟು ಕೂಡ ಬಿಚ್ಚದೆ ಇಳಿದಳು.
ಅರವತ್ತೊಂದನೆಯ ದಿನ.
ಐಸ್‌ಕ್ರೀಮ್ ಡಬ್ಬಿಯ ಒದ್ದೆ ಪಾಚಿಯಲ್ಲಿ
ಜೋಳದ ಹಾವಿನ ಹದಿನಾರು ಮೊಟ್ಟೆ,
ಒಂದಕ್ಕೊಂದು ಅಂಟಿ.

ಅಪ್ಪ ಕಿತ್ತಳೆ, ಅವ್ವ ಕಿತ್ತಳೆ.
ಇಬ್ಬರೊಳಗೂ ಬಾಯಿಬಿಡದ ಒಂದು ಬಿಳುಪು,
ಅಜ್ಜಿಯದು.
ಲೆಕ್ಕದ ಪ್ರಕಾರ ಒಂದಾದರೂ
ಹಿಮದ ಹಾಗೆ ಹುಟ್ಟಬೇಕು.

ಸಿಪ್ಪೆ ಸೀಳಿ ಮೂತಿಗಳು ಇಣುಕಿದವು:
ಕಿತ್ತಳೆ, ಕಿತ್ತಳೆ, ಬೂದು, ಕಿತ್ತಳೆ...
ಕೊನೆಯ ಮೊಟ್ಟೆ ಕುಸಿದು ತಣ್ಣಗಿತ್ತು.
ಕತ್ತರಿ ಕೈಗೆ ಬಂದರೂ
ಬಿಡಿಸಿ ನೋಡಲಿಲ್ಲ.

ಲೆಕ್ಕವೇನು ಮಾತು ಕೊಟ್ಟಿತ್ತೆ?

ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ
ಗುಲಾಬಿ ಇಲಿಮರಿಗಳು ಕಾದಿದ್ದವು.
ಹದಿನೈದು ಡಬ್ಬಿಗೂ ಚೀಟಿ ಅಂಟಿಸಿದಳು,
ಬೆಲೆ, ತಾರೀಖು, ಕೆಳಗೆ ಪುಟ್ಟದಾಗಿ:
ಒಳಗೆ ಬಿಳುಪು
ಇದ್ದರೂ ಇದ್ದೀತು.