ಬಕೆಟ್ಟಿನ ಪಾಲು

ತಲೆ ಬೇಕಾ, ಬೇಡವಾ?
ದಿನಕ್ಕೆ ಇನ್ನೂರು ಸಲ ಕೇಳುತ್ತೇನೆ.
ಬೇಡ ಅಂದರೆ ಕತ್ತಿ ಕಿವಿರಿನ ಹಿಂದೆ ಇಳಿಯುತ್ತದೆ,
ತಲೆ ಬಕೆಟ್ಟಿಗೆ.
ಬೇಕು ಅನ್ನುವವರು ಬಡವರು,
ಇಲ್ಲವೇ ರುಚಿ ಬಲ್ಲವರು.

ಕಣ್ಣೂರಿನ ಲಾರಿ ಮಾಕುಟ್ಟದ ತಿರುವುಗಳಲ್ಲಿ
ಐಸುನೀರು ಸುರಿಸುತ್ತ ಏರಿ
ಆರಕ್ಕೆ ಗೋಣಿಕೊಪ್ಪ ಮುಟ್ಟುತ್ತದೆ.
ಅಸೈನಾರ್ ಕಾಕನ ಅಂಗಡಿಯಲ್ಲಿ
ಕಡಲು ಕಾಣದ ನಾನು
ಕಡಲನ್ನು ಹೆಚ್ಚಲು ನಿಲ್ಲುತ್ತೇನೆ.
ಮಧ್ಯಾಹ್ನಕ್ಕೆ ಬಕೆಟ್ಟು ತುಂಬಿ
ಹುರುಪೆ, ಬಾಲ, ಸಿಗಡಿಯ ಕೋಟು,
ಯಾರೂ ಒಪ್ಪದ ಕಪ್ಪು ಮಾಂಸ.
ಪಾಲುದಾರರು ಮೂರು ಬೆಕ್ಕು, ಒಂದು ಹದ್ದು,
ಮಿಕ್ಕಿದ್ದಕ್ಕೆ ಪಂಚಾಯಿತಿಯ ಹೊಂಡ.

ನನ್ನ ಶಿಜಿನಾ ಪೊನ್ನಂಪೇಟೆ ಹಾಸ್ಟೆಲಿನಲ್ಲಿ ಹಾಕಿ ಆಡುತ್ತಾಳೆ.
ಮೂರನೇ ಕ್ವಾರ್ಟರಿನವರೆಗೆ ಅವಳನ್ನು ಹಿಡಿಯುವವರಿಲ್ಲ.
ನಾಲ್ಕನೆಯದರಲ್ಲಿ ಮೊಣಕಾಲಿಗೆ ಕೈಯೂರಿ ನಿಲ್ಲುತ್ತಾಳೆ
ಬಾಯಿ ತೆರೆದು,
ಐಸಿನ ಮೇಲಿನ ಬಂಗುಡೆಯ ಹಾಗೆ.

ಕರಾವಳಿಯ ಕಾಲೇಜಿನಿಂದ ಬಂದ ಹುಡುಗ, ಕುಂದರ್ ಅಂತ.
ಬಕೆಟ್ಟು ಕೊಡಿ ಅಂದ. ತಮಾಷೆ ಅಂದುಕೊಂಡೆ.
ಕಿಲೋಗೆ ಎಂಟು ರೂಪಾಯಿ ಅಂದ.
ಕಾಕ ತಮಾಷೆ ಅಂದುಕೊಳ್ಳಲಿಲ್ಲ.

ಚರ್ಮ, ಮೂಳೆ, ತಲೆ ಎಲ್ಲ ಅರೆದು,
ಕಿಣ್ವ ಹಾಕಿ ಮುರಿದು, ಸೋಸಿ,
ಬಿಳಿ ಪುಡಿ ಮಾಡುತ್ತಾರಂತೆ.
ಕುಡಿದರೆ ದಣಿವು ತಡವಾಗಿ ಬರಬಹುದಂತೆ,
ಬಹುದು ಅನ್ನುವುದನ್ನು ಎರಡು ಸಲ ಅಂದ.
ಇಲಿಗಳು ಬಾಲಕ್ಕೆ ಭಾರ ಕಟ್ಟಿಕೊಂಡು
ಹೆಚ್ಚು ಹೊತ್ತು ಈಜಿವೆಯಂತೆ.
ನನ್ನ ಮಗಳು ಇಲಿಯಲ್ಲಪ್ಪ ಅಂದೆ.
ಭಾರದ ಮಾತು ಆಡಲಿಲ್ಲ.

ಇಪ್ಪತ್ತು ಹುಡುಗಿಯರು, ಎಂಟು ವಾರ,
ಬೆಳಗ್ಗೆ ಒಂದೊಂದು ಪೊಟ್ಟಣ.
ಅರ್ಧದಲ್ಲಿ ಮೀನು, ಅರ್ಧದಲ್ಲಿ ಬರೀ ಅಕ್ಕಿಹಿಟ್ಟು,
ಎರಡಕ್ಕೂ ಬಾಟಲಿಯ ಕಿತ್ತಳೆ ವಾಸನೆ.
ಯಾರಿಗೆ ಯಾವುದೆಂದು ಕೊಡುವವನಿಗೂ ಗೊತ್ತಿಲ್ಲ.
ಒಪ್ಪಿಗೆಗೆ ಸಹಿ ಹಾಕಿದೆ,
ಹೆಸರಿನ ಪಕ್ಕ ಒಂದು ಹುರುಪೆ ಅಂಟಿಕೊಂಡಿತು.

ಭಾನುವಾರ ಅವಳು ಮನೆಗೆ ಬಂದಾಗ
ಬಕೆಟ್ಟಿನಿಂದ ನಾಲ್ಕು ತಲೆ ಕದ್ದಿರುತ್ತಿದ್ದೆ.
ಸೂಜಿಮೆಣಸು, ಶುಂಠಿ,
ಕಪ್ಪಗೆ ಇಳಿಯುವ ಒಂದಿಷ್ಟು ಕಾಚಂಪುಳಿ,
ಮೂಳೆ ಬೆರಳಿಗೆ ಮುರಿಯುವವರೆಗೆ ಸಣ್ಣ ಬೆಂಕಿ.
ಕಣ್ಣನ್ನೂ ಚೀಪಿ ಬಟ್ಟಲು ಎತ್ತಿ ಕುಡಿಯುತ್ತಿದ್ದಳು.
ಇದು ಯಾವ ಕಾಗದದಲ್ಲೂ ಇರಲಿಲ್ಲ.

ಕೊನೆಯ ದಿನ ಇಪ್ಪತ್ತು ಮೀಟರಿನ ಓಟ.
ಬೀಪ್ ಅಂದಾಗ ತಿರುಗು, ಬೀಪ್ ಅಂದಾಗ ತಿರುಗು.
ಬೆರಳು ಚುಚ್ಚಿ ಹನಿ ತೆಗೆದರು,
ದಣಿವಿಗೂ ರಕ್ತದಲ್ಲಿ ಅಂಕಿ ಇದೆಯಂತೆ.
ಆರರಿಂದ ನಿಂತ ನನ್ನ ಕಾಲಿನ ಅಂಕಿ ಎಷ್ಟೋ.
ಶಿಜಿನಾ ಹದಿನಾಲ್ಕು ಸುತ್ತು ಹೆಚ್ಚು ಓಡಿದಳು.
ಲಕೋಟೆ ಒಡೆದರು:
ಅವಳದು ಅಕ್ಕಿಹಿಟ್ಟು.

ಕುಂದರ್ ಅಂಗಡಿಗೇ ಬಂದ.
ಮನೆಯಲ್ಲಿ ಏನು ತಿನ್ನುತ್ತಾಳೆ ಅಂತ ಕೇಳಿದ.
ಕತ್ತಿ ಕೆಳಗಿಟ್ಟು ಹೇಳಿಬಿಟ್ಟೆ.
ಏನೂ ಅನ್ನದೆ ಅವಳ ಹೆಸರಿಗೆ ಗೀಟು ಎಳೆದ.
ಪಾಪ, ಸ್ಕೇಲಿಟ್ಟು ಎಳೆದ.

ಎರಡು ಭಾನುವಾರ ಅವಳು ಬರಲಿಲ್ಲ.
ನಾನೇ ನನ್ನ ಓಟ ಅಳಿಸಿದೆನಂತೆ.
ಮೂರನೆಯದಕ್ಕೆ ಬಂದಳು,
ಹಿಂದೆ ಮೂವರು ಹುಡುಗಿಯರು,
ಒಬ್ಬಳ ಕೈಯಲ್ಲಿ ಅವಳದೇ ಬಟ್ಟಲು.

ದೊಡ್ಡ ಪಾತ್ರೆ ಪಕ್ಕದ ಮನೆಯಿಂದ ತಂದೆ.
ತಲೆಗೆ ಅಂತ ಅಂಗಡಿಗೆ ಹೋದರೆ
ಕಾಕ ತಕ್ಕಡಿ ಎತ್ತಿದ,
ಕಿಲೋಗೆ ಎಂಟು ರೂಪಾಯಿ.